ಒಂದೇ ಯಂತ್ರ, ಐದು ವಿಳಾಸ

ಹೆಸರಿಗೂ ವಿಳಾಸಕ್ಕೂ ಇರುವ ಸಂಬಂಧವು ಮೇಲುನೋಟಕ್ಕೆ ಬಹು ಸರಳವಾದುದು. ಹೆಸರು ಕರೆಯುವವರ ಅನುಕೂಲಕ್ಕೆ, ವಿಳಾಸ ಅಂಚೆಯವನ ಅನುಕೂಲಕ್ಕೆ. ಹೆಸರನ್ನು ಹೇಳಿದರೆ ವಿಳಾಸವನ್ನು ಕಂಡುಕೊಡುವ ಪಟ್ಟಿಯೊಂದು ಎಲ್ಲಿಯಾದರೂ ಇದ್ದರಾಯಿತು, ಕೆಲಸ ಸಾಗುತ್ತದೆ. ಆದರೆ ಒಂದೇ ಹೆಸರನ್ನು ಐದು ಜನ ಕರೆದಾಗ ಐದು ಬೇರೆ ಬೇರೆ ಬಾಗಿಲುಗಳು ತೆರೆಯಬೇಕಾಗಿದ್ದರೆ ಏನು ಮಾಡುವುದು? ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಒಂದು ಲಿನಕ್ಸ್ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಕೆಲಸ ಮಾಡುವಲ್ಲಿ ಇದು ದಿನದಿನವೂ ಎದುರಾಗುವ ಪ್ರಶ್ನೆ. ಇದಕ್ಕೆ ಉತ್ತರವೂ ಇದೆ. ಆ ಉತ್ತರವನ್ನು ನನ್ನ ಸಹಪಾಠಿಗಳಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಬದಿಗಿಟ್ಟು ಯಂತ್ರದ ಮಾತೆತ್ತಿದ್ದೇಕೆಂದು ಕೆಲವರು ಕೇಳಬಹುದು. ಕಾರಣವನ್ನು ಹೇಳಿಬಿಡುತ್ತೇನೆ. ನಾವು ಐದು ಮಂದಿ ಸೇರಿ ನಮ್ಮ ನಮ್ಮ ಊರಿನ ಗಾದೆಗಳನ್ನು ಕೂಡಿಹಾಕುವ ಕೆಲಸವನ್ನು ಕೈಗೊಂಡೆವು. ಅಜ್ಜಿಯರನ್ನೂ ಹಿರಿಯರನ್ನೂ ಕೇಳಿ ಬರೆದುಕೊಂಡುದನ್ನು ಹಾಳೆಯಲ್ಲಿ ಉಳಿಸುವುದಕ್ಕಿಂತ, ಹುಡುಕಲು ಬರುವಂತೆ ಜಾಲಪುಟದಲ್ಲಿ ಜೋಡಿಸುವುದು ಲೇಸೆಂದು ತೋರಿತು. ಪ್ರತಿಯೊಬ್ಬರೂ ತಮ್ಮ ಊರಿನ ಪುಟವನ್ನು ತಾವೇ ಕಟ್ಟುವುದು, ಕೊನೆಗೆ ಐದನ್ನೂ ಒಂದುಗೂಡಿಸುವುದು ಎಂದು ಗೊತ್ತುಮಾಡಿಕೊಂಡೆವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಮನೆಯಲ್ಲಿ ಕಂಪ್ಯೂಟರೆಂಬುದಿಲ್ಲ. ಉಳಿದ ನಾಲ್ವರದೂ ಹೆಚ್ಚುಕಡಿಮೆ ಇದೇ ಸ್ಥಿತಿ. ನಮಗೆ ಕೆಲಸ ಮಾಡಲು ಸಿಕ್ಕಿದ್ದು ಹಳೆಯದಾದ ಒಂದೇ ಒಂದು ಲಿನಕ್ಸ್ ಯಂತ್ರ. ಅದರಲ್ಲಿ ಐವರಿಗೂ ಬೇರೆ ಬೇರೆ ಖಾತೆಗಳನ್ನು ತೆರೆದುಕೊಡಲಾಯಿತು.

ಇಂಥ ಯಂತ್ರದಲ್ಲಿ ಒಬ್ಬರು ಎದ್ದು ಇನ್ನೊಬ್ಬರು ಕುಳಿತಾಗ ಮೊದಲಿನವರ ಕೆಲಸ ನಿಂತುಹೋಗಬೇಕಾಗಿಲ್ಲ. ಬಳಕೆದಾರರನ್ನು ಬದಲಿಸುವ ಗುಂಡಿಯನ್ನು ಒತ್ತಿದರೆ ಮೊದಲಿನವರ ಕಾರ್ಯಕ್ರಮಗಳು ತೆರೆಯ ಹಿಂದೆ ನಡೆಯುತ್ತಲೇ ಇರುತ್ತವೆ. ತೊಂದರೆ ಹುಟ್ಟುವುದು ಇಲ್ಲಿಯೇ. ಜಾಲಪುಟವನ್ನು ಕಟ್ಟುವಾಗ ಅದನ್ನು ಪರೀಕ್ಷಿಸಲು ಯಂತ್ರದೊಳಗೇ ಒಂದು ಪುಟ್ಟ ಸರ್ವರನ್ನು ಓಡಿಸಬೇಕಾಗುತ್ತದೆ. ಅದು ಸಾಮಾನ್ಯವಾಗಿ 127.0.0.1 ಎಂಬ ವಿಳಾಸದಲ್ಲಿ, 8080ರಂಥ ಒಂದು ಪೋರ್ಟಿನಲ್ಲಿ ಕುಳಿತು ಕಿವಿಗೊಡುತ್ತದೆ. ಮೊದಲು ಕುಳಿತವನ ಸರ್ವರು ಆ ಸ್ಥಳವನ್ನು ಹಿಡಿದಿದ್ದರೆ ಎರಡನೆಯವಳ ಸರ್ವರಿಗೆ ಅಲ್ಲಿ ಜಾಗವಿಲ್ಲ. ವಿಳಾಸವು ಈಗಾಗಲೇ ಬಳಕೆಯಲ್ಲಿದೆ ಎಂದು ಯಂತ್ರವು ಒಂದು ಸಾಲಿನಲ್ಲಿ ತಿಳಿಸಿ ಸುಮ್ಮನಾಗುತ್ತದೆ. ಆ ಸಾಲು ಕಣ್ಣಿಗೆ ಬೀಳದಿದ್ದರೆ, ಬ್ರೌಸರಿನಲ್ಲಿ ಪುಟವನ್ನು ತೆರೆದಾಗ ಕಾಣುವುದು ತನ್ನದಲ್ಲ, ಗೆಳೆಯನ ಪುಟ. ಎರಡೂ ಒಂದೇ ಮಾದರಿಯಲ್ಲಿದ್ದರೆ ವ್ಯತ್ಯಾಸವೂ ತಿಳಿಯುವುದಿಲ್ಲ. ನಮ್ಮಲ್ಲಿ ಒಬ್ಬಾಕೆ ಒಂದು ಮಧ್ಯಾಹ್ನವೆಲ್ಲ ಕುಳಿತು ತುಂಬಿದ ಗಾದೆಗಳು ಇನ್ನೊಬ್ಬನ ಸಂಗ್ರಹಕ್ಕೆ ಹೋಗಿ ಸೇರಿದವು. ಆತ ಸಂಜೆ ತನ್ನ ಪರೀಕ್ಷಾ ಸಂಗ್ರಹವನ್ನು ಅಳಿಸಿ ಹೊಸದಾಗಿ ಆರಂಭಿಸಿದಾಗ ಅವೂ ಅಳಿದವು. ಆತನಿಗೆ ಅವು ಅಲ್ಲಿವೆಯೆಂದು ಗೊತ್ತಿರುವ ಸಂಭವವೇ ಇರಲಿಲ್ಲ. ಆಕೆ ಮತ್ತೆ ಊರಿಗೆ ಹೋಗಿ ಅಜ್ಜಿಯ ಬಳಿ ಕುಳಿತಳು. ಎಲ್ಲವೂ ಎರಡನೆಯ ಸಲ ನೆನಪಿಗೆ ಬರಲಿಲ್ಲ.

ಈ ತೊಡಕಿಗೆ ಎಲ್ಲರಿಗೂ ಮೊದಲು ತೋಚುವ ಪರಿಹಾರವೆಂದರೆ ಒಬ್ಬೊಬ್ಬರೂ ಒಂದೊಂದು ಪೋರ್ಟನ್ನು ಹಂಚಿಕೊಳ್ಳುವುದು: ಒಬ್ಬರಿಗೆ 8081, ಇನ್ನೊಬ್ಬರಿಗೆ 8082, ಹೀಗೆ. ಇದು ಸಾಧ್ಯವೇನೋ ಹೌದು. ಆದರೆ ಜಾಲಪುಟಕ್ಕೆ ಒಂದೇ ಸರ್ವರು ಸಾಲದು. ಮಾಹಿತಿಯನ್ನಿಡುವ ಭಂಡಾರಕ್ಕೆ ಇನ್ನೊಂದು ಪೋರ್ಟು ಬೇಕು. ಪೋಸ್ಟ್‌ಗ್ರೆಸ್ ಆದರೆ ವಾಡಿಕೆಯಂತೆ 5432, ಮೈಎಸ್‌ಕ್ಯುಎಲ್ ಆದರೆ 3306. ಐವರಿಗೆ ಎರಡೆರಡೆಂದರೆ ಹತ್ತು ಸಂಖ್ಯೆಗಳು. ಅವು ಕಾರ್ಯಕ್ರಮದ ಕಡತಗಳಲ್ಲಿ ಅಲ್ಲಲ್ಲಿ ಬರೆಯಲ್ಪಡುತ್ತವೆ. ಗೆಳತಿಯ ಕಡತವನ್ನು ನಾನು ನಕಲು ಮಾಡಿಕೊಂಡರೆ ಅವನ್ನೆಲ್ಲ ಹುಡುಕಿ ತಿದ್ದಬೇಕು. ಒಂದು ತಪ್ಪಿದರೂ ಮೊದಲಿನ ಅನಾಹುತವೇ. ಆದುದರಿಂದ ಪೋರ್ಟನ್ನು ಹಂಚುವುದಕ್ಕಿಂತ ವಿಳಾಸವನ್ನೇ ಹಂಚುವುದು ಮೇಲು. ಅದು ಹೇಗೆಂಬುದನ್ನು ಈಗ ನೋಡೋಣ.

ಕಂಪ್ಯೂಟರುಗಳ ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ನಾಲ್ಕು ಭಾಗಗಳ ಒಂದು ಸಂಖ್ಯಾವಿಳಾಸವಿರುತ್ತದೆ. ಪ್ರತಿ ಭಾಗವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಇವುಗಳಲ್ಲಿ 127ರಿಂದ ಆರಂಭವಾಗುವ ವಿಳಾಸಗಳಿಗೆ ಒಂದು ವಿಶೇಷವಿದೆ. ಅವು ಯಂತ್ರವು ತನಗೆ ತಾನೇ ಬರೆದುಕೊಳ್ಳುವ ಕಾಗದದ ವಿಳಾಸಗಳು. ಅಲ್ಲಿಗೆ ಕಳುಹಿಸಿದ್ದು ತಂತಿಯ ಮೇಲೆ ಹೊರಗೆ ಹೋಗದೆ ಒಳಗೇ ತಿರುಗಿ ಬರುತ್ತದೆ. ಇದನ್ನೇ ಲೂಪ್‌ಬ್ಯಾಕ್ ಎನ್ನುತ್ತಾರೆ. ಇಂಥ ವಿಳಾಸವು ಯಂತ್ರದ ಹೊರಗೆ ಕಾಣಿಸಿಕೊಳ್ಳಲೇಬಾರದೆಂದು ಅಂತರಜಾಲದ ನಿಯಮಪತ್ರಗಳಲ್ಲೊಂದಾದ, 1989ರ ಆರ್.ಎಫ್.ಸಿ. 1122 ವಿಧಿಸುತ್ತದೆ.

127.0.0.1 ಎಂಬುದನ್ನು ಕಂಪ್ಯೂಟರನ್ನು ಬಲ್ಲವರೆಲ್ಲರೂ ಕೇಳಿರುತ್ತಾರೆ. ಅನೇಕರು ಗಮನಿಸದೆ ಇರುವುದು ಉಳಿದವುಗಳನ್ನು. ಮೊದಲ ಭಾಗ 127 ಆಗಿದ್ದರೆ ಸಾಕು, ಮಿಕ್ಕ ಮೂರು ಭಾಗಗಳು ಏನೇ ಇರಲಿ, ಅದು ಲೂಪ್‌ಬ್ಯಾಕಿಗೆ ಮೀಸಲು. ಮೂರು ಭಾಗಗಳಲ್ಲಿ ಒಂದೊಂದಕ್ಕೂ 256 ಬಗೆ. ಒಟ್ಟು 1,67,77,216 ವಿಳಾಸಗಳು. ಒಂದೂವರೆ ಕೋಟಿಗೂ ಮೀರಿದ ನಿವೇಶನಗಳುಳ್ಳ ಬಡಾವಣೆಯಲ್ಲಿ ಎಲ್ಲರೂ ಒಂದೇ ಮನೆಯ ಜಗಲಿಯ ಮೇಲೆ ಕಿಕ್ಕಿರಿದು ಕುಳಿತಿದ್ದೇವೆಂದಾಯಿತು! ಲಿನಕ್ಸಿನಲ್ಲಿ ಈ ಇಡೀ ಬಡಾವಣೆಯೂ ಮೊದಲಿನಿಂದಲೇ ತೆರೆದಿರುತ್ತದೆ. ಅದರ ಲೂಪ್‌ಬ್ಯಾಕ್ ಸಂಪರ್ಕವನ್ನು 127ರ ಜಾಲಕ್ಕೆ ಒಟ್ಟಾರೆಯಾಗಿ ಹೊಂದಿಸಿರುವುದರಿಂದ 127.0.3.232 ಎಂದರೂ 127.9.9.9 ಎಂದರೂ ಯಾವ ಏರ್ಪಾಡೂ ಇಲ್ಲದೆ ಓಗೊಡುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಹಾಗಲ್ಲ, ಅಲ್ಲಿ 127.0.0.1ನ್ನು ಬಿಟ್ಟು ಬೇರೆಯದು ಬೇಕಾದರೆ ಒಂದೊಂದನ್ನೂ ಸೇರಿಸಿಕೊಳ್ಳಬೇಕು. ಇನ್ನು ಹೊಸ ತಲೆಮಾರಿನ ಆರನೆಯ ಆವೃತ್ತಿಯ ವಿಳಾಸ ಪದ್ಧತಿಯಲ್ಲಿ ಲೂಪ್‌ಬ್ಯಾಕಿಗೆಂದು ಇಟ್ಟಿರುವುದು ಒಂದೇ ಒಂದು ವಿಳಾಸ. ಆದುದರಿಂದ ಮುಂದೆ ಹೇಳಲಿರುವ ಉಪಾಯವು ಹಳೆಯ ನಾಲ್ಕನೆಯ ಆವೃತ್ತಿಗೆ ಮಾತ್ರ ಸಲ್ಲುತ್ತದೆ.

ಬೇರೆ ಬೇರೆ ವಿಳಾಸಗಳಲ್ಲಿ ಒಂದೇ ಪೋರ್ಟನ್ನು ಬೇರೆ ಬೇರೆ ಸರ್ವರುಗಳು ಹಿಡಿಯಬಹುದು. ಎರಡು ಮನೆಗಳಲ್ಲಿ ಎರಡು ಅಡುಗೆಮನೆಗಳಿರುವಂತೆ, ಒಂದು ವಿಳಾಸದ 8080ಕ್ಕೂ ಇನ್ನೊಂದರ 8080ಕ್ಕೂ ತಂಟೆಯಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಯಾವ ವಿಳಾಸದಲ್ಲಿ ಕುಳಿತುಕೊಳ್ಳಬೇಕೆಂದು ಸರ್ವರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಎಷ್ಟೋ ಸರ್ವರುಗಳು 0.0.0.0 ಎಂಬುದನ್ನು ಹಿಡಿಯುತ್ತವೆ. ಹಾಗೆಂದರೆ ಯಂತ್ರದ ಎಲ್ಲ ವಿಳಾಸಗಳೂ ತನ್ನವೇ ಎಂದರ್ಥ. ಒಬ್ಬರು ಹಾಗೆ ಮಾಡಿದರೆ ಉಳಿದ ನಾಲ್ವರಿಗೂ ಆ ಪೋರ್ಟು ಸಿಕ್ಕುವುದಿಲ್ಲ.

ಈಗ ಯಾರಿಗೆ ಯಾವ ವಿಳಾಸವೆಂಬ ಪ್ರಶ್ನೆ. ಇದಕ್ಕಾಗಿ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕಾಗಿಲ್ಲ. ಲಿನಕ್ಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಕ್ರಮಸಂಖ್ಯೆಯಿರುತ್ತದೆ, ಅದಕ್ಕೆ ಯು.ಐ.ಡಿ. ಎಂದು ಹೆಸರು. ನಮ್ಮ ಹಾಜರಿ ಪುಸ್ತಕದ ಸಂಖ್ಯೆಯಂತೆ ಅದು ಒಬ್ಬರಿಗೊಂದೇ. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವುಗಳಲ್ಲಿ ಸಾಮಾನ್ಯ ಬಳಕೆದಾರರ ಸಂಖ್ಯೆ 1000ದಿಂದ ಆರಂಭವಾಗುತ್ತದೆ. ಈ ಸಂಖ್ಯೆಯನ್ನೇ 256ರಿಂದ ಭಾಗಿಸಿ ವಿಳಾಸವನ್ನಾಗಿ ಮಾಡಿಕೊಳ್ಳಬಹುದು. 1000ವನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 232. ಹಾಗಾದರೆ ಮೊದಲನೆಯ ಬಳಕೆದಾರನ ವಿಳಾಸ 127.0.3.232. ಎರಡನೆಯವನದು 127.0.3.233. ಐದನೆಯವನದು 127.0.3.236. ಸಂಖ್ಯೆ ದೊಡ್ಡದಾದರೂ ಲೆಕ್ಕ ಅದೇ: 70000 ಎಂಬ ಸಂಖ್ಯೆಯವನಿಗೆ 127.1.17.112 ಸಿಕ್ಕುತ್ತದೆ. ಒಬ್ಬರ ಸಂಖ್ಯೆ ಇನ್ನೊಬ್ಬರಿಗಿಲ್ಲವಾದ್ದರಿಂದ ಒಬ್ಬರ ವಿಳಾಸವೂ ಇನ್ನೊಬ್ಬರಿಗೆ ಬರುವಂತಿಲ್ಲ. ಹೊಸಬರು ಸೇರಿದ ಕ್ಷಣದಲ್ಲೇ ಅವರ ವಿಳಾಸವೂ ಸಿದ್ಧ.

ಈ ಲೆಕ್ಕದಲ್ಲಿ ಎರಡು ಅಂಚುಗಳನ್ನು ಗಮನಿಸಬೇಕು. ಕೆಳಗಿನ ಕೆಲವು ವಿಳಾಸಗಳು ಆಗಲೇ ಬೇರೆ ಕೆಲಸಕ್ಕೆ ಬಳಕೆಯಾಗಿವೆ. ಉಬುಂಟುವಿನಲ್ಲಿ 127.0.0.53 ಎಂಬಲ್ಲಿ ಹೆಸರುಗಳನ್ನು ಹುಡುಕಿಕೊಡುವ ಸೇವಕ ಕಾರ್ಯಕ್ರಮವೊಂದು ಕುಳಿತಿರುತ್ತದೆ. ಡೆಬಿಯನ್ ಯಂತ್ರವು ತನ್ನ ಸ್ವಂತ ಹೆಸರಿಗೆ 127.0.1.1ನ್ನು ಇಟ್ಟುಕೊಳ್ಳುವುದುಂಟು. ನಮ್ಮ ಲೆಕ್ಕದಲ್ಲಿ ಇವು 53 ಮತ್ತು 257 ಎಂಬ ಬಳಕೆದಾರರಿಗೆ ಬೀಳುತ್ತವೆ. 1000ದ ಮೇಲಿನವರಿಗೆ ಬಾಧೆಯಿಲ್ಲ. ಯಂತ್ರದ ಸರ್ವಾಧಿಕಾರಿಯಾದ ರೂಟ್ ಎಂಬಾತನ ಸಂಖ್ಯೆ 0. ಅವನಿಗೆ ಈ ಲೆಕ್ಕವನ್ನು ಹಚ್ಚದೆ 127.0.0.1ನ್ನೇ ಬಿಡುವುದು ಕ್ಷೇಮ. ಇನ್ನು ಮೇಲಿನ ಅಂಚು. ಲಿನಕ್ಸಿನ ಬಳಕೆದಾರ ಸಂಖ್ಯೆಯು ನಾನೂರು ಕೋಟಿಯನ್ನೂ ಮೀರಬಲ್ಲದು, ನಮ್ಮ ಬಡಾವಣೆಯಾದರೋ ಒಂದೂವರೆ ಕೋಟಿ ಚಿಲ್ಲರೆಯದು. ದೊಡ್ಡ ಸಂಸ್ಥೆಗಳಲ್ಲಿ ಕೇಂದ್ರೀಯ ಪಟ್ಟಿಯಿಂದ ಬರುವ ಭಾರಿ ಸಂಖ್ಯೆಗಳು ಇಲ್ಲಿ ಹಿಡಿಸುವುದಿಲ್ಲ. ಐವರ ಯಂತ್ರಕ್ಕೆ ಆ ಚಿಂತೆಯಿಲ್ಲ.

ವಿಳಾಸವೇನೋ ಸಿಕ್ಕಿತು. ಆದರೆ 127.0.3.234 ಎಂಬುದನ್ನು ನೆನಪಿಟ್ಟುಕೊಂಡು ಬರೆಯುವವರಾರು? ಬರೆದರೂ ಅದು ನನ್ನ ಕಡತದಲ್ಲಿ ನನ್ನ ಸಂಖ್ಯೆಯಾಗಿ ಉಳಿಯುತ್ತದೆ. ಗೆಳತಿಗೆ ಕೊಟ್ಟರೆ ಮತ್ತೆ ತಿದ್ದುವ ಕೆಲಸ. ಆದುದರಿಂದ ಹೆಸರು ಬೇಕೇ ಬೇಕು.

ಹೆಸರಿನಿಂದ ಸಂಖ್ಯೆಯನ್ನು ಕಂಡುಕೊಳ್ಳುವ ವ್ಯವಸ್ಥೆಗೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಅಂತರಜಾಲವು ಇನ್ನೂ ಚಿಕ್ಕದಾಗಿದ್ದಾಗ ಯಂತ್ರಗಳ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿ ಹಿಡಿತಕ್ಕೆ ಸಿಕ್ಕದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹೆಸರುಗಳ ಭಾರವನ್ನು ಅನೇಕ ಸರ್ವರುಗಳಿಗೆ ಹಂಚುವ ಡಿ.ಎನ್.ಎಸ್. ಎಂಬ ಪದ್ಧತಿಯನ್ನು ರೂಪಿಸಿದರು. ಇಂದಿಗೂ ಜಗತ್ತಿನ ಹೆಸರುಗಳು ನಡೆಯುವುದು ಆ ಪದ್ಧತಿಯಿಂದಲೇ. ಆದರೂ ಹಳೆಯ ಪಟ್ಟಿಯ ಕುಡಿಯೊಂದು ಪ್ರತಿಯೊಂದು ಲಿನಕ್ಸ್ ಯಂತ್ರದಲ್ಲೂ ಉಳಿದುಕೊಂಡಿದೆ. ಇಟಿಸಿ ಎಂಬ ಕೋಶದಲ್ಲಿರುವ ಹೋಸ್ಟ್ಸ್ ಎಂಬ ಕಡತವೇ ಅದು.

ಸರ್ವರು ಹಲವು ಹೆಸರುಗಳನ್ನು ಹೊರಬಲ್ಲದೆಂಬುದನ್ನೂ ಇಲ್ಲಿ ಹೇಳಬೇಕು. ಬ್ರೌಸರು ಪುಟವನ್ನು ಕೇಳುವಾಗ ತಾನು ಯಾವ ಹೆಸರನ್ನು ಹುಡುಕಿಕೊಂಡು ಬಂದೆನೆಂಬುದನ್ನೂ ತಿಳಿಸುತ್ತದೆ. 1997ರ ಆರಂಭದಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ. 1.1ರ ನಿಯಮವು ಇದನ್ನು ಕಡ್ಡಾಯ ಮಾಡಿತು. ಅದರಿಂದ ಒಂದೇ ಸರ್ವರು ‘ಗಾದೆ’ ಎಂದು ಕೇಳಿದವರಿಗೆ ಒಂದು ಪುಟವನ್ನೂ ‘ಒಗಟು’ ಎಂದು ಕೇಳಿದವರಿಗೆ ಇನ್ನೊಂದನ್ನೂ ಕೊಡಬಲ್ಲದು. ಹೀಗೆ ನಿಜವಾದ ಯಂತ್ರವಿಲ್ಲದೆ ಹೆಸರಿನಿಂದಲೇ ನಿಂತಿರುವ ನೆಲೆಗಳನ್ನು ವರ್ಚುವಲ್ ಹೋಸ್ಟ್ ಎನ್ನುತ್ತಾರೆ. ನಾವು ಗಾದೆ.ಟೆಸ್ಟ್, ಒಗಟು.ಟೆಸ್ಟ್ ಎಂಬ ಹೆಸರುಗಳನ್ನು ಆರಿಸಿಕೊಂಡೆವು. ಯಂತ್ರದಲ್ಲಿ ಇವನ್ನು ರೋಮನ್ ಲಿಪಿಯಲ್ಲಿ ಬರೆಯುತ್ತೇವೆ. ‘ಟೆಸ್ಟ್’ ಎಂಬ ಬಾಲವನ್ನು ಯಾರಿಗೂ ಮಾರದೆ ಪರೀಕ್ಷೆಗೆಂದೇ ಮೀಸಲಿಡಬೇಕೆಂದು 1999ರ ಆರ್.ಎಫ್.ಸಿ. 2606 ಹೇಳುತ್ತದೆ. ಮನಸ್ಸಿಗೆ ಬಂದ ಬಾಲವನ್ನು ಹಚ್ಚಿಕೊಳ್ಳುವುದು ಅಪಾಯ. ಅನೇಕರು ಪರೀಕ್ಷೆಗೆ ಬಳಸುತ್ತಿದ್ದ ‘ಡೆವ್’ ಎಂಬ ಬಾಲವು ಮುಂದೆ ನಿಜವಾದ ಅಂತರಜಾಲದ ಹೆಸರಾಗಿಬಿಟ್ಟಿತು. ‘ಲೋಕಲ್‌ಹೋಸ್ಟ್’ ಎಂಬ ಬಾಲವೂ ನಮಗೆ ಒದಗುವುದಿಲ್ಲ. ಅದನ್ನು ಕಂಡೊಡನೆ ಇಂದಿನ ಪ್ರಮುಖ ಬ್ರೌಸರುಗಳು ಯಾರನ್ನೂ ಕೇಳದೆ ನೇರವಾಗಿ ಯಂತ್ರದ ವಾಡಿಕೆಯ ಲೂಪ್‌ಬ್ಯಾಕ್ ವಿಳಾಸಕ್ಕೇ ಹೋಗುತ್ತವೆ.

ಹೋಸ್ಟ್ಸ್ ಕಡತದಲ್ಲಿ ಗಾದೆ.ಟೆಸ್ಟ್ ಎಂದು ಬರೆದು ಮುಂದೆ ಸಂಖ್ಯೆಯನ್ನು ಇಡಬಹುದಲ್ಲ ಎಂದು ಕೇಳಬಹುದು. ಯಾರ ಸಂಖ್ಯೆಯನ್ನು ಇಡುವುದು? ಆ ಕಡತವು ಯಂತ್ರಕ್ಕೆಲ್ಲ ಒಂದೇ. ಹೆಸರಿನೊಳಗೆ ಬಳಕೆದಾರನ ಹೆಸರನ್ನೂ ಸೇರಿಸಿ ಐದು ಸಾಲುಗಳನ್ನು ಬರೆಯಬಹುದು. ಆಗ ಒಬ್ಬೊಬ್ಬರ ಕಡತದಲ್ಲೂ ಒಂದೊಂದು ಹೆಸರಾಗಿ ಮೊದಲಿನ ತೊಂದರೆ ಮರಳುತ್ತದೆ. ಮೇಲಾಗಿ ಆ ಕಡತವನ್ನು ತಿದ್ದುವ ಅಧಿಕಾರ ರೂಟ್‌ನದು. ಹೊಸ ಹೆಸರು ಬೇಕಾದಾಗಲೆಲ್ಲ ಆಡಳಿತಗಾರರ ಬಾಗಿಲಲ್ಲಿ ನಿಲ್ಲಬೇಕು. ಡಿ.ಎನ್.ಎಸ್. ಮಾಸ್ಕ್ ಎಂಬ ಪುಟ್ಟ ಸರ್ವರನ್ನು ಓಡಿಸಿದರೆ ಒಂದು ಬಾಲಕ್ಕೆ ಸೇರಿದ ಎಲ್ಲ ಹೆಸರುಗಳಿಗೂ ಒಂದೇ ಸಾಲಿನಿಂದ ವಿಳಾಸ ಕೊಡಬಹುದು. ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಅದಕ್ಕೂ ಒಂದು ಮಿತಿಯಿದೆ, ಅದೇ ಈ ಇಡೀ ವಿಷಯದ ಮರ್ಮ. ಡಿ.ಎನ್.ಎಸ್. ಪ್ರಶ್ನೆಯಲ್ಲಿ ಯಾವ ಹೆಸರು ಬೇಕೆಂಬುದು ಇರುತ್ತದೆ, ಯಾವ ಯಂತ್ರದಿಂದ ಬಂತೆಂಬುದು ತಿಳಿಯುತ್ತದೆ. ಆ ಯಂತ್ರದಲ್ಲಿ ಕೇಳುತ್ತಿರುವ ಬಳಕೆದಾರ ಯಾರೆಂಬುದನ್ನು ಅದು ಹೇಳುವುದಿಲ್ಲ. ಕೇಳಿದವರು ಯಾರೆಂದು ತಿಳಿಯದವನು ಎಲ್ಲರಿಗೂ ಒಂದೇ ಉತ್ತರವನ್ನಲ್ಲದೆ ಬೇರೇನು ಕೊಟ್ಟಾನು?

ನಮ್ಮ ಭಾಷೆಯಲ್ಲಿ ಎರಡು ಬಗೆಯ ಹೆಸರುಗಳಿವೆ. ತುಂಗಭದ್ರೆ ಎಂದು ಯಾರು ಹೇಳಿದರೂ ಅದು ಒಂದೇ ಹೊಳೆ. ಆದರೆ ಸಂಜೆಯ ಹೊತ್ತು ಬೀದಿಯಲ್ಲಿ ಆಡುತ್ತಿರುವ ಹತ್ತು ಮಕ್ಕಳು ಹಸಿದು ‘ಅವ್ವಾ’ ಎಂದು ಕೂಗಿದರೆ ಬರುವವರು ಹತ್ತು ಮಂದಿ ತಾಯಂದಿರು. ಮಾತು ಒಂದೇ, ಅದರ ಅರ್ಥವು ಕೂಗಿದ ಮಗುವಿನಿಂದ ನಿಶ್ಚಯವಾಗುತ್ತದೆ. ‘ನಮ್ಮೂರು’, ‘ನಮ್ಮ ಮನೆ’ ಎಂಬುವೂ ಹೀಗೆಯೇ. ಡಿ.ಎನ್.ಎಸ್. ತುಂಗಭದ್ರೆಯಂಥ ಹೆಸರುಗಳನ್ನು ಬಲ್ಲದು, ಅವ್ವನೆಂಬುದನ್ನು ಅರಿಯದು. ನಮಗೆ ಬೇಕಾದುದು ಗಾದೆ.ಟೆಸ್ಟ್ ಎಂಬುದು ಅವ್ವನಂಥ ಹೆಸರಾಗುವುದು: ನಾನು ಕರೆದರೆ ನನ್ನ ವಿಳಾಸ, ಗೆಳತಿ ಕರೆದರೆ ಅವಳದು.

ಲಿನಕ್ಸಿನಲ್ಲಿ ಇದಕ್ಕೆ ಅವಕಾಶ ಮಾಡಿಕೊಡುವುದು ಎನ್.ಎಸ್.ಎಸ್. ಎಂಬ ಏರ್ಪಾಡು. ಯಾವುದಾದರೂ ಕಾರ್ಯಕ್ರಮಕ್ಕೆ ಹೆಸರಿನ ವಿಳಾಸ ಬೇಕಾದಾಗ ಅದು ಜಿಲಿಬ್‌ಸಿ ಎಂಬ ಮೂಲ ಗ್ರಂಥಾಲಯವನ್ನು ಕೇಳುತ್ತದೆ. ಆ ಗ್ರಂಥಾಲಯವು ಎನ್‌ಎಸ್‌ಸ್ವಿಚ್ ಎಂಬ ಕಡತವನ್ನು ತೆರೆದು, ಹೋಸ್ಟ್ಸ್ ಎಂಬ ಸಾಲಿನಲ್ಲಿ ಯಾರು ಯಾರನ್ನು ಯಾವ ಕ್ರಮದಲ್ಲಿ ಕೇಳಬೇಕೆಂದು ಬರೆದಿದೆಯೋ ಹಾಗೆ ಕೇಳುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಮೊದಲು ಹೋಸ್ಟ್ಸ್ ಕಡತ, ಅನಂತರ ಡಿ.ಎನ್.ಎಸ್. ಈ ಸಾಲಿನಲ್ಲಿ ನಾವೇ ಬರೆದ ಒಂದು ಘಟಕವನ್ನೂ ಸೇರಿಸಬಹುದು. ಗಮನಿಸಬೇಕಾದ ಅಂಶವೆಂದರೆ, ಈ ಘಟಕವು ಎಲ್ಲಿಯೋ ದೂರದಲ್ಲಿ ಕುಳಿತ ಸರ್ವರಲ್ಲ. ಕೇಳಿದ ಕಾರ್ಯಕ್ರಮದ ಒಳಗೇ ಅದು ಬಂದು ಸೇರಿಕೊಂಡು, ಅದರ ಭಾಗವಾಗಿ ನಡೆಯುತ್ತದೆ. ನನ್ನ ಬ್ರೌಸರು ನನ್ನ ಹೆಸರಿನಲ್ಲಿ ನಡೆಯುತ್ತಿರುವುದರಿಂದ ಅದರೊಳಗೆ ಸೇರಿದ ಘಟಕವೂ ನನ್ನ ಹೆಸರಿನಲ್ಲೇ ನಡೆಯುತ್ತದೆ. ‘ನಾನು ಯಾರು?’ ಎಂದು ಅದು ಯಂತ್ರವನ್ನು ಕೇಳಿದರೆ ನನ್ನ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಅದನ್ನು 256ರಿಂದ ಭಾಗಿಸಿ ವಿಳಾಸವನ್ನು ಒಪ್ಪಿಸಿದರೆ ಕೆಲಸ ಮುಗಿಯಿತು. ದೊಡ್ಡ ತತ್ತ್ವಶಾಸ್ತ್ರದ ಪ್ರಶ್ನೆಯೊಂದಕ್ಕೆ ಯಂತ್ರದಲ್ಲಿ ಇಷ್ಟು ಚಿಕ್ಕ ಉತ್ತರವಿರುವುದು ನನಗೆ ಸೋಜಿಗವೆನಿಸಿತು.

ನಾವು ಸಿ ಭಾಷೆಯಲ್ಲಿ ಬರೆದ ಘಟಕವು ಚಿಕ್ಕದು. ಹೆಸರಿನ ಕೊನೆಯಲ್ಲಿ ‘ಟೆಸ್ಟ್’ ಇದೆಯೇ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ತನಗೆ ತಿಳಿಯದೆಂದು ಹೇಳಿ ಪ್ರಶ್ನೆಯನ್ನು ಮುಂದಿನವರಿಗೆ ಬಿಡುತ್ತದೆ. ಇದ್ದರೆ ಲೆಕ್ಕ ಮಾಡಿ ವಿಳಾಸವನ್ನು ಕೊಡುತ್ತದೆ. ಆರನೆಯ ಆವೃತ್ತಿಯ ವಿಳಾಸವನ್ನು ಕೇಳಿದರೆ ಇಲ್ಲವೆನ್ನುತ್ತದೆ. ಇದನ್ನು ಯಂತ್ರದ ಗ್ರಂಥಾಲಯ ಕೋಶದಲ್ಲಿ ಇಡುವುದಕ್ಕೂ ಎನ್‌ಎಸ್‌ಸ್ವಿಚ್ ಕಡತದ ಒಂದು ಸಾಲನ್ನು ತಿದ್ದುವುದಕ್ಕೂ ರೂಟ್‌ನ ಅಧಿಕಾರ ಬೇಕು. ಯಂತ್ರದ ಆಡಳಿತವನ್ನು ನೋಡಿಕೊಳ್ಳುವ ಉಪನ್ಯಾಸಕರು ಘಟಕವನ್ನು ಸಾಲುಸಾಲಾಗಿ ಓದಿನೋಡಿ ಅನುಮತಿಯಿತ್ತರು. ಹಾಗೆ ಓದುವುದು ಸರಿಯೇ. ಎಲ್ಲರ ಕಾರ್ಯಕ್ರಮದೊಳಕ್ಕೂ ಹೋಗಿ ಕುಳಿತುಕೊಳ್ಳುವ ಘಟಕವನ್ನು ನೋಡದೆ ಒಪ್ಪಬಾರದು. ಆ ಅನುಮತಿ ಒಂದು ಸಲ ಸಾಕು. ಆಮೇಲೆ ಯಾರು ಎಷ್ಟು ಹೊಸ ಹೆಸರುಗಳನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಸರ್ವರಿಗೂ ವಿಳಾಸದ ಬದಲು ಹೆಸರನ್ನೇ ಹೇಳಿದರಾಯಿತು. ನನ್ನ ಸರ್ವರೂ ನನ್ನ ಹೆಸರಿನಲ್ಲೇ ನಡೆಯುವುದರಿಂದ ‘ಗಾದೆ.ಟೆಸ್ಟ್‌ನ 8080ರಲ್ಲಿ ಕುಳಿತುಕೋ’ ಎಂದರೆ ತಾನಾಗಿ ನನ್ನ ವಿಳಾಸದಲ್ಲೇ ಕುಳಿತುಕೊಳ್ಳುತ್ತದೆ. ಈಗ ಐವರ ಕಡತಗಳಲ್ಲೂ ಒಂದೇ ಹೆಸರು, ಒಂದೇ ಪೋರ್ಟು. ಯಾರದನ್ನು ಯಾರು ನಕಲು ಮಾಡಿಕೊಂಡರೂ ಒಂದಕ್ಷರವನ್ನು ತಿದ್ದಬೇಕಾಗಿಲ್ಲ.

ಇದರಲ್ಲಿ ಸಿಕ್ಕುಗಳಿಲ್ಲವೆಂದಲ್ಲ. ಮೊದಲನೆಯದು, ಉತ್ತರಗಳನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ಒದಗಿಸುವ ಎನ್.ಎಸ್.ಸಿ.ಡಿ. ಎಂಬ ಸೇವಕ. ಅದು ನಡೆಯುತ್ತಿದ್ದರೆ ಹೆಸರನ್ನು ಹುಡುಕುವವನು ಅದೇ ಆಗುತ್ತದೆ. ‘ನಾನು ಯಾರು?’ ಎಂಬ ಪ್ರಶ್ನೆಗೆ ಸೇವಕನ ಸಂಖ್ಯೆ ಬರುತ್ತದೆ, ಎಲ್ಲರಿಗೂ ಅದೇ ಉತ್ತರ ಹಂಚಿಹೋಗುತ್ತದೆ. ಹೆಸರುಗಳ ಮಟ್ಟಿಗಾದರೂ ಅದನ್ನು ನಿಲ್ಲಿಸಬೇಕು. ಎರಡನೆಯದು, ಸರದಿ. ಎನ್‌ಎಸ್‌ಸ್ವಿಚ್ ಸಾಲಿನಲ್ಲಿ ‘ರಿಸಾಲ್ವ್’ ಎಂಬುದಿದ್ದು ಅದು ಇಲ್ಲವೆಂದ ಮೇಲೆ ಮುಂದೆ ಕೇಳಬೇಡವೆಂಬ ಷರತ್ತು ಇರುವುದುಂಟು. ನಮ್ಮ ಘಟಕವನ್ನು ಅದಕ್ಕಿಂತ ಮುಂಚೆ ಬರೆಯಬೇಕು. ಮೂರನೆಯದು, ಜಿಲಿಬ್‌ಸಿಯನ್ನು ಕೇಳದ ಕಾರ್ಯಕ್ರಮಗಳು. ಆಲ್ಪೈನ್ ಲಿನಕ್ಸಿನಲ್ಲಿರುವ ಮಸಲ್ ಎಂಬ ಗ್ರಂಥಾಲಯದಲ್ಲಿ ಎನ್.ಎಸ್.ಎಸ್. ಇಲ್ಲವೇ ಇಲ್ಲ. ಕೆಲವು ಕಾರ್ಯಕ್ರಮಗಳು ನೇರವಾಗಿ ಡಿ.ಎನ್.ಎಸ್. ಸರ್ವರನ್ನೇ ಪ್ರಶ್ನಿಸುತ್ತವೆ. ಡಿಗ್ ಎಂಬ ಆಜ್ಞೆಯೂ ಅಂಥದು. ಅದರಿಂದ ಪರೀಕ್ಷಿಸಿದರೆ ಘಟಕವು ಕೆಲಸ ಮಾಡುತ್ತಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಗೆಟೆಂಟ್ ಎಂಬ ಆಜ್ಞೆಯಿಂದ ಪರೀಕ್ಷಿಸುವುದೇ ಸರಿಯಾದ ಕ್ರಮ. ನಾಲ್ಕನೆಯದು, ಸುಡೊ ಎಂಬ ಆಜ್ಞೆಯಿಂದ ರೂಟ್‌ನ ವೇಷ ಹಾಕಿ ಕರೆದರೆ ವೇಷದ ವಿಳಾಸವೇ ಬರುತ್ತದೆ, ನಮ್ಮದಲ್ಲ. ಇನ್ನು ಜಾಲಪುಟದ ವಾಡಿಕೆಯ ಪೋರ್ಟಾದ 80ನ್ನು ಬಳಸಬಾರದೇ ಎಂದರೆ, 1024ಕ್ಕಿಂತ ಕೆಳಗಿನ ಪೋರ್ಟುಗಳು ಸಾಮಾನ್ಯ ಬಳಕೆದಾರರಿಗೆ ವಾಡಿಕೆಯಾಗಿ ಮುಚ್ಚಿರುತ್ತವೆ. ಅದಕ್ಕಾಗಿ 8080ರಲ್ಲೇ ತೃಪ್ತರಾದೆವು.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಮನೆಗೆ ಸಂಖ್ಯೆ ಬರೆದ ಮಾತ್ರಕ್ಕೆ ಬಾಗಿಲಿಗೆ ಬೀಗ ಬೀಳುವುದಿಲ್ಲ. ಒಂದು ಯಂತ್ರದಲ್ಲಿರುವ ಯಾವ ಬಳಕೆದಾರನಾದರೂ 127.0.3.232 ಎಂದು ಬರೆದು ಮೊದಲನೆಯವನ ಪುಟವನ್ನು ನೋಡಬಹುದು. ಆತನಿಗಿಂತ ಮೊದಲು ಬಂದು ಆ ವಿಳಾಸದಲ್ಲಿ ತನ್ನ ಸರ್ವರನ್ನೇ ಕೂರಿಸಲೂಬಹುದು. ಈ ಏರ್ಪಾಡು ಗೊಂದಲವನ್ನು ತಪ್ಪಿಸುತ್ತದೆ, ಕಳ್ಳತನವನ್ನಲ್ಲ. ಪರಸ್ಪರ ನಂಬಿಕೆಯುಳ್ಳವರ ನಡುವೆ ಇದು ಸಾಕು. ನಂಬಿಕೆ ಸಾಲದಲ್ಲಿ ಭಂಡಾರಕ್ಕೆ ಗುಪ್ತಪದವನ್ನಿಡಬೇಕು. ಇಲ್ಲವೆ ಯಾವ ಬಳಕೆದಾರನು ಕಳುಹಿಸಿದ್ದೆಂದು ನೋಡಿ ತಡೆಯುವ ನಿಯಮಗಳನ್ನು ಲಿನಕ್ಸಿನ ಫೈರ್‌ವಾಲಿನಲ್ಲಿ ಬರೆಯಬೇಕು. ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಇನ್ನೊಂದು ಮಾರ್ಗವೂ ಉಂಟು. ಅದರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಬೇರೆಯಾದ ಲೂಪ್‌ಬ್ಯಾಕೇ ದೊರೆಯುವುದರಿಂದ 127.0.0.1 ಕೂಡ ಎಲ್ಲರಿಗೂ ಪ್ರತ್ಯೇಕವಾಗುತ್ತದೆ. ಗೋಡೆ ಬೇಕಾದವರು ಅದನ್ನು ಕಟ್ಟಿಕೊಳ್ಳಲಿ. ನಮಗೆ ಬಾಗಿಲ ಸಂಖ್ಯೆ ಸಾಕಾಗಿತ್ತು.

ಕೊನೆಯದಾಗಿ ಒಂದು ಮಾತು. ಒಬ್ಬರಿಗೊಂದು ಲ್ಯಾಪ್‌ಟಾಪ್ ಇರುವಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ; ಆದುದರಿಂದಲೇ ಇಂದಿನ ಪಾಠಪುಸ್ತಕಗಳು ಇದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಎಲ್ಲರ ಬಳಿಯೂ ತಮ್ಮದೇ ಯಂತ್ರವಿದೆ, 127.0.0.1 ಎಂದರೆ ‘ನಾನೊಬ್ಬನೇ’ ಎಂದು ಅವು ತಿಳಿದಿರುತ್ತವೆ. ಆದರೆ ಚರಿತ್ರೆಯು ಬೇರೆಯದನ್ನು ಹೇಳುತ್ತದೆ. ಯಂತ್ರವು ದುಬಾರಿಯಾಗಿದ್ದ ಕಾಲದಲ್ಲಿ ಒಂದನ್ನು ಹಲವರು ಏಕಕಾಲದಲ್ಲಿ ಬಳಸುವ ಬಗೆಯನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1961ರಲ್ಲಿ ಮಾಡಿ ತೋರಿಸಿದರು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ಆ ಹಂಚಿಕೆಯನ್ನು ಮುಂದುವರಿಸಿತು. ಅದರ ಮಾದರಿಯಲ್ಲಿ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದರು. ಬಳಕೆದಾರನಿಗೊಂದು ಸಂಖ್ಯೆ, ಅವನ ಕಡತಕ್ಕೊಂದು ಹಕ್ಕು ಎಂಬುವೆಲ್ಲ ಹಂಚಿಕೊಳ್ಳುವವರಿಗಾಗಿಯೇ ಹುಟ್ಟಿದುವು. ಅನುಕೂಲಸ್ಥರಿಗೆ ಅವು ಹಳೆಯ ಕಾಲದ ಉಳಿಕೆಗಳಾಗಿ ಕಾಣಬಹುದು. ನಮ್ಮಂಥವರಿಗೆ ಅವು ಇಂದಿಗೂ ಕೆಲಸಕ್ಕೆ ಬರುವ ಆಸ್ತಿ.

ಹಂಚಿಕೊಂಡ ಯಂತ್ರದಲ್ಲಿ ಕಲಿಯುವವರಿಗೆ ‘ಇದು ನನ್ನದು’ ಎನ್ನಲು ಒಂದಿಷ್ಟು ಜಾಗ ಬೇಕು. ಅಲ್ಲಿ ತಾವು ಇಟ್ಟುದು ನಾಳೆಯೂ ಇರುತ್ತದೆಂಬ ಭರವಸೆ ಬೇಕು. ಅದಕ್ಕೆ ಹೊಸ ಯಂತ್ರವನ್ನೇ ಕೊಳ್ಳಬೇಕೆಂದಿಲ್ಲ; ಇರುವುದರಲ್ಲಿಯೇ ಒಂದೂವರೆ ಕೋಟಿ ಮನೆಗಳು ಖಾಲಿ ಬಿದ್ದಿವೆ. ಕಿರಿಯ ತರಗತಿಗಳ ಸೋದರ ಸೋದರಿಯರಲ್ಲಿ ಯಾರಾದರೂ ಗುಂಪಾಗಿ ಇಂಥ ಕೆಲಸಕ್ಕೆ ಕುಳಿತುಕೊಳ್ಳುವುದಾದರೆ, ಮೊದಲ ದಿನವೇ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಕೇಳಿ ತಿಳಿದು 256ರಿಂದ ಭಾಗಿಸಿ ನೋಡಲಿ. ನಮ್ಮ ಘಟಕದ ಪ್ರತಿಯನ್ನು ಆ ಯಂತ್ರದಲ್ಲೇ ಬಿಟ್ಟು ಹೋಗುತ್ತಿದ್ದೇವೆ. ಅಜ್ಜಿ ಎರಡನೆಯ ಸಲ ನೆನಪು ಮಾಡಿಕೊಟ್ಟ ಗಾದೆಗಳೂ ಈಗ ಅದರಲ್ಲಿ ತಮ್ಮ ಮನೆಯಲ್ಲೇ ಇವೆ.